ಗಿನಿಪಿಗ್ ಸಾಕುವವರಿಗೆ: ಮೊದಲು ಹುಲ್ಲು, ಜೊತೆಗೊಂದು ತಕ್ಕಡಿ

ಗಿನಿಪಿಗ್ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಬೇರೆ ಪ್ರಾಣಿಗಳ ಬಾಯಿಗೆ ತುತ್ತಾಗುವ ಜೀವಿಗಳ ಸ್ವಭಾವವೇ ಅದು. ಹಾಗಾಗಿ ಗೂಡು ಕೊಳ್ಳುವಾಗಲೇ ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯನ್ನೂ ತೆಗೆದುಕೊಳ್ಳಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ಇರುತ್ತದೆ. ಹತ್ತಿಪ್ಪತ್ತು ಗ್ರಾಂ ಏರಿಳಿತಕ್ಕೆ ಗಾಬರಿ ಬೇಡ. 50 ಗ್ರಾಂ ಇಳಿದರೆ ದಿನಾ ತೂಗಿ, ಇಳಿಯುತ್ತಲೇ ಹೋದರೆ ಪಶುವೈದ್ಯರಿಗೆ ತೋರಿಸಿ.

ಆಹಾರದಲ್ಲಿ ನೂರಕ್ಕೆ ಸುಮಾರು 80 ಪಾಲು ಒಣಹುಲ್ಲೇ ಆಗಿರಬೇಕು, ಅದೂ ಹಗಲೂ ರಾತ್ರಿ ಸಿಗುವಂತೆ. ಇದರ ಹಲ್ಲುಗಳು ಬದುಕಿರುವಷ್ಟು ದಿನವೂ ಬೆಳೆಯುತ್ತವೆ, ಅವನ್ನು ಸವೆಸುವುದು ಹುಲ್ಲು. ಕರುಳು ನಿಲ್ಲದೆ ಓಡುವುದೂ ಅದರ ನಾರಿನಿಂದಲೇ. ತಿಮೋತಿ ಹುಲ್ಲು ಒಳ್ಳೆಯದು. ಕುದುರೆಮೆಂತ್ಯದಲ್ಲಿ (ಆಲ್ಫಾಲ್ಫಾ) ಸುಣ್ಣದಂಶ ಜಾಸ್ತಿ. ಅದು ಆರು ತಿಂಗಳೊಳಗಿನ ಮರಿಗೆ, ಗಬ್ಬದ ಹೆಣ್ಣಿಗೆ ಸರಿ. ದೊಡ್ಡವಕ್ಕೆ ದಿನಾ ಹಾಕಿದರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಪೆಲೆಟ್, ಅಂದರೆ ಒತ್ತಿ ಮಾಡಿದ ಸಿದ್ಧ ಆಹಾರದ ಗುಳಿಗೆ, ದಿನಕ್ಕೆ ಒಂದೆರಡು ಚಮಚ ಸಾಕು. ಕಾಳು, ಬಣ್ಣದ ಚೂರು ಬೆರೆಸಿದ ಪೊಟ್ಟಣಗಳು ನೋಡಲು ಚೆಂದ, ಅಷ್ಟೇ.

ಮನುಷ್ಯರಂತೆ ಗಿನಿಪಿಗ್ ಕೂಡ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಸುಮಾರು 30 ಗ್ರಾಂ ಕ್ಯಾಪ್ಸಿಕಂ ಕೊಟ್ಟರೆ ಇದರ ಬಹುಪಾಲು ಮುಗಿಯಿತು. ಜೊತೆಗೆ ಕೊತ್ತಂಬರಿ, ಲೆಟ್ಯೂಸ್ ಸೇರಿಸಿ ಒಂದು ಬಟ್ಟಲು ಹಸಿ ತರಕಾರಿ ಕೊಡಿ. ನೀರಿಗೆ ಹಾಕುವ ವಿಟಮಿನ್ ಹನಿ ನಂಬಬೇಡಿ: ಬೆಳಕಿಗೆ ಅದು ಬೇಗ ಕೆಡುತ್ತದೆ, ರುಚಿ ಬದಲಾದರೆ ಗಿನಿಪಿಗ್ ನೀರು ಕುಡಿಯುವುದನ್ನೇ ಬಿಡುತ್ತದೆ. ಪೆಲೆಟ್‌ನಲ್ಲಿರುವುದೂ ತಿಂಗಳುಗಟ್ಟಲೆ ಉಳಿಯುವುದಿಲ್ಲ. ಕೊರತೆಯಾದಾಗ ಕೀಲು ಊದಿ ನಡೆಯಲು ಹಿಂಜರಿಯುತ್ತದೆ, ಮೈಕೂದಲು ಒರಟಾಗುತ್ತದೆ, ಒಸಡಿನಲ್ಲಿ ರಕ್ತ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಹಾಲಿನ ತಿನಿಸು ಕೂಡದು.

ಒಂಟಿಯಾಗಿ ಸಾಕಬೇಡಿ. ಎರಡು ಹೆಣ್ಣು, ಇಲ್ಲವೇ ಬೀಜ ತೆಗೆಸಿದ ಗಂಡಿನ ಜೊತೆ ಹೆಣ್ಣು ಸುಲಭವಾಗಿ ಹೊಂದುತ್ತವೆ. ಗಂಡುಮರಿ ಮೂರು ವಾರಕ್ಕೇ ಬೆದೆಗೆ ಬರಬಹುದು, ಆಗಲೇ ತಾಯಿಯಿಂದ ಬೇರ್ಪಡಿಸಿ. ಜೋಡಿಗೆ ಕನಿಷ್ಠ 7.5 ಚದರಡಿ ನೆಲ ಬೇಕು; ಅಂತಸ್ತು ಲೆಕ್ಕಕ್ಕಿಲ್ಲ, ಅವು ಓಡುವುದು ನೆಲದಲ್ಲಿ. ತಂತಿಬಲೆಯ ತಳದಿಂದ ಪಾದದಲ್ಲಿ ಹುಣ್ಣಾಗುತ್ತದೆ. ಸೀಡರ್ ಮರದ ಹೊಟ್ಟಿನ ಘಾಟು ಶ್ವಾಸಕೋಶಕ್ಕೆ ಕೆಟ್ಟದ್ದು, ಕಾಗದದ ಹಾಸು ಅಥವಾ ಫ್ಲೀಸ್ ಬಟ್ಟೆ ಹಾಕಿ. ಓಡುವ ಚಕ್ರ ಬೆನ್ನುಮೂಳೆಗೆ ಅಪಾಯ. ಅಡಗಲು ಒಂದೊಂದಕ್ಕೂ ಎರಡು ಬಾಗಿಲಿನ ಗೂಡಿರಲಿ, ಒಂದೇ ಬಾಗಿಲಾದರೆ ಬಲಶಾಲಿ ಇನ್ನೊಂದನ್ನು ಒಳಗೇ ತಡೆದು ಕೂರುತ್ತದೆ. 18ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ; 27 ದಾಟಿದರೆ ಬಿಸಿಲಾಘಾತದ ಭಯ.

ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ. ಉಗುರು ತಿಂಗಳಿಗೊಮ್ಮೆ ಕತ್ತರಿಸಿ.

ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಕಡಿಮೆಯಾದರೆ ಕರುಳು ನಿಲ್ಲುತ್ತಿದೆ ಎಂದೇ ತಿಳಿಯಿರಿ, ಬೆಳಗಾಗಲಿ ಎಂದು ಕಾಯಬೇಡಿ. ಮನೆಯಲ್ಲಿರುವ ಮಾತ್ರೆಯನ್ನಂತೂ ಕೊಡಲೇಬೇಡಿ: ಬಾಯಿಯಿಂದ ಕೊಟ್ಟ ಅಮಾಕ್ಸಿಸಿಲಿನ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಗಿನಿಪಿಗ್‌ನ ಜೀವವನ್ನೇ ತೆಗೆಯಬಲ್ಲದು.