ಅರ್ಧಕ್ಕೇ ನಿಲ್ಲುತ್ತಿದ್ದ ಆ್ಯಂಟಿವೈರಸ್ ಸ್ಕ್ಯಾನ್: ಕಾರಣ ಹುಡುಕಿದ ಬಗೆ

ವಿಂಡೋಸ್ ಸೆಕ್ಯುರಿಟಿಯಲ್ಲಿ ಹಸಿರು ಗುರುತು ಕಂಡರೆ ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೇ ನಿಶ್ಚಿಂತರಾಗುತ್ತೇವೆ. ಕಾವಲು ಚಾಲೂ ಇದೆ ಎಂದು ಅದು ತಿಳಿಸುತ್ತದೆ, ನಿಜ. ನಿಗದಿಪಡಿಸಿದ ಸ್ಕ್ಯಾನ್ ಕಳೆದ ವಾರ ನಡೆಯಿತೇ, ನಡೆದದ್ದು ಕೊನೆ ಮುಟ್ಟಿತೇ ಎಂಬುದು ಬೇರೆಯೇ ಪ್ರಶ್ನೆ. ನಮ್ಮ ಮನೆಯ ಡೆಸ್ಕ್‌ಟಾಪಿನಲ್ಲಿ ಗುರುತು ಹಸಿರಾಗಿಯೇ ಇತ್ತು, ಆದರೆ ಎಲ್ಲ ಕಡತಗಳನ್ನೂ ಪರೀಕ್ಷಿಸುವ ಫುಲ್ ಸ್ಕ್ಯಾನ್ ಒಂದು ಸಲವೂ ಮುಗಿದಿರಲಿಲ್ಲ. ಸ್ಕ್ಯಾನ್ ತಪ್ಪಿದಾಗ ಯಾವ ಎಚ್ಚರಿಕೆಯೂ ಬರುವುದಿಲ್ಲವಾದ್ದರಿಂದ ಇದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ದಿನನಿತ್ಯದ ಬಳಕೆಗೆ ಕ್ವಿಕ್ ಸ್ಕ್ಯಾನ್ ಸಾಕು ಎಂಬುದು ನನ್ನ ನಂಬಿಕೆ. ಮೆಮೊರಿಯಲ್ಲಿ ಓಡುತ್ತಿರುವ ಪ್ರೋಗ್ರಾಮ್‌ಗಳು, ಕಂಪ್ಯೂಟರ್ ಶುರುವಾಗುವಾಗ ತಾವಾಗಿ ಏಳುವ ತಂತ್ರಾಂಶಗಳು, ಕುತಂತ್ರಾಂಶಗಳು ಸಾಮಾನ್ಯವಾಗಿ ಅಡಗುವ ಫೋಲ್ಡರ್‌ಗಳು, ಇಷ್ಟನ್ನು ಅದು ನೋಡುತ್ತದೆ. ಉಳಿದದ್ದನ್ನು, ಕಡತ ತೆರೆದ ಅಥವಾ ಉಳಿಸಿದ ಕ್ಷಣದಲ್ಲೇ ಪರೀಕ್ಷಿಸುವ ರಿಯಲ್ ಟೈಮ್ ರಕ್ಷಣೆ ನೋಡಿಕೊಳ್ಳುತ್ತದೆ. ಆದರೂ ಈ ಡೆಸ್ಕ್‌ಟಾಪಿಗೆ ಫುಲ್ ಸ್ಕ್ಯಾನ್ ಬೇಕೇ ಬೇಕು ಎಂದು ಹಟ ಹಿಡಿದೆ. ಅದರ ಎರಡನೆಯ ಹಾರ್ಡ್ ಡಿಸ್ಕಿನ ತುಂಬ ಹಳೆಯ ಪೆನ್‌ಡ್ರೈವ್‌ಗಳಿಂದ, ಹಳೆಯ ಕಂಪ್ಯೂಟರ್‌ಗಳಿಂದ ನಕಲು ಮಾಡಿಟ್ಟ ಕಡತಗಳಿವೆ. ಎಷ್ಟೋ ವರ್ಷಗಳಿಂದ ಅವನ್ನು ಯಾರೂ ತೆರೆದಿಲ್ಲ. ಅಷ್ಟು ಕಾಲ ತೆರೆಯದ ಕಡತವನ್ನು ರಿಯಲ್ ಟೈಮ್ ರಕ್ಷಣೆಯೂ ಮತ್ತೆ ಮುಟ್ಟಿರುವುದಿಲ್ಲ.

ಹುಡುಕಾಟವನ್ನು, ಆದೇಶಗಳನ್ನು ಟೈಪ್ ಮಾಡಿ ಕೊಡುವ ವಿಂಡೋಸ್ ಸಾಧನವಾದ ಪವರ್‌ಶೆಲ್‌ನಿಂದ ಶುರುಮಾಡಿದೆ. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಆದ ಡಿಫೆಂಡರ್‌ನ ಸ್ಥಿತಿಯನ್ನು ತೋರಿಸುವ ‘ಗೆಟ್-ಎಂಪಿಕಂಪ್ಯೂಟರ್‌ಸ್ಟೇಟಸ್’ ಎಂಬ ಆದೇಶ ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಕೊನೆಯ ಸ್ಕ್ಯಾನ್ ಆಗಿ ಎಷ್ಟು ದಿನವಾಯಿತು ಎಂಬ ಲೆಕ್ಕ ಅದರಲ್ಲಿ ಕ್ವಿಕ್‌ಗೂ ಫುಲ್‌ಗೂ ಬೇರೆ ಬೇರೆಯಾಗಿ ಇರುತ್ತದೆ. ನಮ್ಮಲ್ಲಿ ಫುಲ್ ಸ್ಕ್ಯಾನಿನ ವಯಸ್ಸು 4294967295 ದಿನ ಎಂದಿತ್ತು! ಮೊದಲ ಸಲ ನೋಡಿದವರು ಗಾಬರಿಯಾಗುವಂಥ ಸಂಖ್ಯೆ. 32 ಬಿಟ್‌ಗಳಲ್ಲಿ ಹಿಡಿಸಬಹುದಾದ ಅತಿ ದೊಡ್ಡ ಸಂಖ್ಯೆ ಅದು, ಇಲ್ಲಿ ‘ಎಂದೂ ಮುಗಿದಿಲ್ಲ’ ಎಂಬುದರ ಸಂಕೇತ.

ಎಂದೂ ಮುಗಿದಿಲ್ಲ ಸರಿ, ಆದರೆ ಶುರುವಾದರೂ ಆಗಿತ್ತೇ? ಇದಕ್ಕೆ ಉತ್ತರ ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿದೆ. ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್, ಕೊನೆಗೆ ಆಪರೇಶನಲ್ ಎಂದು ಒಂದೊಂದಾಗಿ ಬಿಚ್ಚುತ್ತ ಹೋಗಬೇಕು. ಅಲ್ಲಿ 1000 ಎಂದರೆ ಸ್ಕ್ಯಾನ್ ಆರಂಭ, 1001 ಎಂದರೆ ಮುಕ್ತಾಯ, 1002 ಎಂದರೆ ಮುಗಿಯುವ ಮೊದಲೇ ನಿಂತಿದೆ, 1005 ಎಂದರೆ ದೋಷದಿಂದ ವಿಫಲವಾಗಿದೆ. ಪ್ರತಿ ಸ್ಕ್ಯಾನಿಗೂ ಒಂದು ಗುರುತಿನ ಸಂಖ್ಯೆ ಇರುವುದರಿಂದ ಯಾವ ಆರಂಭಕ್ಕೆ ಯಾವ ಅಂತ್ಯ ಎಂದು ಜೋಡಿಸಿ ನೋಡಬಹುದು. ಈ ನಾಲ್ಕು ಸಂಖ್ಯೆಗಳನ್ನಷ್ಟೇ ಸೋಸಿ ತೋರಿಸುವ ಕಸ್ಟಮ್ ವ್ಯೂ ಒಂದನ್ನು ಮಾಡಿಟ್ಟುಕೊಂಡೆ.

ಚಿತ್ರ ಸ್ಪಷ್ಟವಾದದ್ದು ಆಗಲೇ. ಹಲವು ರಾತ್ರಿಗಳಲ್ಲಿ ಯಾವ ದಾಖಲೆಯೂ ಇರಲಿಲ್ಲ, ಅಂದರೆ ಸ್ಕ್ಯಾನ್ ಶುರುವೇ ಆಗಿರಲಿಲ್ಲ. ಕೆಲವು ರಾತ್ರಿ 1000 ಇತ್ತು, ಅದರ ಹಿಂದೆಯೇ 1002. ಹೊರಗಿನಿಂದ ‘ಸ್ಕ್ಯಾನ್ ಆಗುತ್ತಿಲ್ಲ’ ಎಂಬ ಒಂದೇ ದೂರಾಗಿ ಕಾಣುತ್ತಿದ್ದುದು ಎರಡು ಬೇರೆ ಬೇರೆ ಕಾಯಿಲೆ. ಇವನ್ನು ಬಿಡಿಸಿ ನೋಡದೆ ಸೆಟ್ಟಿಂಗ್ ಬದಲಾಯಿಸುತ್ತ ಕುಳಿತರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಯಾರಾದರೂ ಈ ವಿಷಯದಲ್ಲಿ ನನ್ನನ್ನು ಕೇಳಿದರೆ ಮೊದಲು ಕಳಿಸುವುದು ಈ ದಾಖಲೆಗೇ.

ಶುರುವೇ ಆಗದ ರಾತ್ರಿಗಳ ಕಾರಣ ಸರಳವಾಗಿತ್ತು. ಡಿಫೆಂಡರ್‌ನ ನಿಗದಿತ ಸ್ಕ್ಯಾನಿಗೆ ಮೂಲದಲ್ಲಿ ಕೊಟ್ಟಿರುವ ಸಮಯ ನಸುಕಿನ 2 ಗಂಟೆ. ಕಂಪ್ಯೂಟರ್ ಬಿಡುವಾಗಿದ್ದರೆ ಮಾತ್ರ ಆರಂಭಿಸು ಎಂಬ ನಿಯಮವೂ ಜೊತೆಗಿದೆ. ಆ ಹೊತ್ತಿಗೆ ನಮ್ಮ ಡೆಸ್ಕ್‌ಟಾಪ್ ಸ್ಲೀಪ್‌ನಲ್ಲಿರುತ್ತಿತ್ತು, ಇಲ್ಲವೇ ಮಲಗುವ ಮುನ್ನ ಯಾರಾದರೂ ಸ್ವಿಚ್ ಆರಿಸಿರುತ್ತಿದ್ದರು. ಸ್ಲೀಪ್‌ನಲ್ಲಿರುವ ಕಂಪ್ಯೂಟರನ್ನು ವೇಕ್ ಟೈಮರ್ ಎಬ್ಬಿಸಬಲ್ಲದು. ಪವರ್ ಆಯ್ಕೆಗಳಲ್ಲಿ ಅದಕ್ಕೆ ಅನುಮತಿ ಇರಬೇಕು, ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡುವ ಟಾಸ್ಕ್ ಶೆಡ್ಯೂಲರ್‌ನ ಟಾಸ್ಕ್‌ನಲ್ಲೂ ಎಬ್ಬಿಸುವ ಆಯ್ಕೆಗೆ ಗುರುತು ಹಾಕಿರಬೇಕು. ಪೂರ್ತಿ ಆರಿಸಿದ ಯಂತ್ರವನ್ನು ಟಾಸ್ಕ್ ಶೆಡ್ಯೂಲರ್ ಎಬ್ಬಿಸಲಾರದು. ಸದ್ಯ ಯಾವ ವೇಕ್ ಟೈಮರ್‌ಗಳು ಕಾಯುತ್ತಿವೆ ಎಂದು ಪವರ್‌ಸಿಎಫ್‌ಜಿ ಆದೇಶಕ್ಕೆ ‘ವೇಕ್‌ಟೈಮರ್ಸ್’ ಎಂದು ಸೇರಿಸಿ ಕೇಳಬಹುದು. ‘ಲಾಸ್ಟ್‌ವೇಕ್’ ಎಂದು ಕೇಳಿದರೆ ಕೊನೆಯ ಸಲ ಎಬ್ಬಿಸಿದ್ದು ಯಾವುದು ಎಂದು ತಿಳಿಯುತ್ತದೆ.

ನಡುರಾತ್ರಿ ಯಂತ್ರ ಎಬ್ಬಿಸುವ ದಾರಿ ನನಗೆ ಹಿಡಿಸಲಿಲ್ಲ. ಎಲ್ಲರೂ ಮಲಗಿರುವಾಗ ಗಂಟೆಗಟ್ಟಲೆ ಓಡುವ ಯಂತ್ರ ಎಲ್ಲಿ ಸಿಕ್ಕಿಬಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಪ್ಯೂಟರ್ ಚಾಲೂ ಇರುವ, ಆದರೆ ಯಾರೂ ಅದರ ಮುಂದೆ ಕುಳಿತಿರದ ಹೊತ್ತು ಹುಡುಕಿದೆ. ಭಾನುವಾರ ಮಧ್ಯಾಹ್ನ ಹೊಂದಿಕೆಯಾಯಿತು. ಡಿಫೆಂಡರ್‌ನ ಸ್ವಂತ ವೇಳಾಪಟ್ಟಿಯಲ್ಲೇ ದಿನ, ಸಮಯ ಬದಲಾಯಿಸಬಹುದು. ಅಲ್ಲಿ 0 ಎಂದರೆ ಪ್ರತಿದಿನ, 1 ಎಂದರೆ ಭಾನುವಾರ, ಹೀಗೆ 7ರವರೆಗೆ. 8 ಎಂದರೆ ಬೇಡವೇ ಬೇಡ. ಆದರೆ ಆ ವೇಳಾಪಟ್ಟಿ ಕೊಟ್ಟ ಸಮಯವನ್ನು ಬೇಕೆಂದೇ ಒಂದಿಷ್ಟು ಆಚೀಚೆ ಮಾಡುತ್ತದೆ. ನೂರಾರು ಕಂಪ್ಯೂಟರ್‌ಗಳಿರುವ ಕಚೇರಿಯಲ್ಲಿ ಎಲ್ಲವೂ ಒಮ್ಮೆಗೇ ಸ್ಕ್ಯಾನ್‌ಗೆ ಇಳಿಯಬಾರದು ಎಂಬುದಕ್ಕೆ ಅದು ಒಳ್ಳೆಯ ಏರ್ಪಾಡು. ನನಗೆ ಬೇಕಿದ್ದುದು ಒಂದು ಗಂಟೆ ಎಂದರೆ ಒಂದು ಗಂಟೆಗೇ. ಹಾಗಾಗಿ ದಿನದ ಕ್ವಿಕ್ ಸ್ಕ್ಯಾನನ್ನು ಡಿಫೆಂಡರ್‌ಗೇ ಬಿಟ್ಟು, ಫುಲ್ ಸ್ಕ್ಯಾನಿಗೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ನನ್ನದೇ ಟಾಸ್ಕ್ ಬರೆದೆ. ಅದು ಓಡಿಸುವುದು ಡಿಫೆಂಡರ್‌ನ ಆದೇಶ ಕಡತವಾದ ‘ಎಂಪಿಸಿಎಂಡಿರನ್’ ಅನ್ನು, ಸ್ಕ್ಯಾನ್ ಬಗೆ 2 ಎಂಬ ಸೂಚನೆಯೊಡನೆ. 1 ಎಂದರೆ ಕ್ವಿಕ್, 2 ಎಂದರೆ ಫುಲ್.

ಟಾಸ್ಕ್ ಬರೆಯುವಾಗ ನಿಧಾನವಾಗಿ ನೋಡಬೇಕಾದ ಪುಟ ‘ಕಂಡಿಶನ್ಸ್’. ವಿದ್ಯುತ್ ಸಂಪರ್ಕ ಇದ್ದರೆ ಮಾತ್ರ ಓಡು ಎಂಬ ಗುರುತು ಅಲ್ಲಿ ಮೊದಲೇ ಹಾಕಿರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿದ್ದರೆ ಟಾಸ್ಕ್ ಸದ್ದಿಲ್ಲದೆ ಸುಮ್ಮನಾಗುವುದು ಇದರಿಂದಲೇ. ‘ಜನರಲ್’ ಪುಟದಲ್ಲಿ, ಬಳಕೆದಾರ ಲಾಗಿನ್ ಆಗಿರಲಿ ಬಿಡಲಿ ಓಡು ಎಂಬುದನ್ನೂ ಅತ್ಯುನ್ನತ ಅಧಿಕಾರದೊಡನೆ ಓಡು ಎಂಬುದನ್ನೂ ಆರಿಸಬೇಕು. ಟಾಸ್ಕ್‌ಗಳ ಇತಿಹಾಸ ದಾಖಲಾಗುವುದನ್ನು ಮೂಲದಲ್ಲಿ ಆಫ್ ಮಾಡಿಟ್ಟಿರುತ್ತಾರೆ. ಬಲಗಡೆಯ ಪಟ್ಟಿಯಲ್ಲಿ ಅದನ್ನು ಆನ್ ಮಾಡದಿದ್ದರೆ ಹಿಸ್ಟರಿ ಪುಟ ಖಾಲಿಯಾಗಿಯೇ ಉಳಿಯುತ್ತದೆ. ಕೊನೆಯ ಫಲಿತಾಂಶದ ಅಂಕಣದಲ್ಲಿ ಸೊನ್ನೆ ಇದ್ದರೆ ಕೆಲಸ ಸರಿಯಾಗಿದೆ ಎಂದರ್ಥ. 2 ಬಂದರೆ ಜಾಗ್ರತೆ ಬೇಕು. ವಿಂಡೋಸ್‌ನ ಸಾಮಾನ್ಯ ಸಂಕೇತದಲ್ಲಿ ಅದು ‘ಕಡತ ಸಿಗಲಿಲ್ಲ’ ಎಂಬುದು, ಎಂಪಿಸಿಎಂಡಿರನ್ ತಾನೇ ಕೊಟ್ಟದ್ದಾದರೆ ಪತ್ತೆಯಾದ ಕುತಂತ್ರಾಂಶ ಇನ್ನೂ ಅಲ್ಲೇ ಉಳಿದಿದೆ, ಇಲ್ಲವೇ ಸ್ಕ್ಯಾನ್‌ನಲ್ಲಿ ದೋಷವಾಗಿದೆ ಎಂಬುದು. ಟಾಸ್ಕ್‌ನಲ್ಲಿ ಬರೆದ ಕಡತದ ದಾರಿ ಸರಿಯಿದೆಯೇ ಎಂದು ನೋಡಿದರೆ ಎರಡರಲ್ಲಿ ಯಾವುದು ಎಂದು ಬೇಗ ಗೊತ್ತಾಗುತ್ತದೆ.

ತಪ್ಪಿಹೋದ ಓಟವನ್ನು ಆದಷ್ಟು ಬೇಗ ನಡೆಸು ಎಂಬ ಆಯ್ಕೆಯೂ ಇದೆ. ಕೇಳಲು ಚೆನ್ನಾಗಿದೆ. ಅದನ್ನು ಹಾಕಿದ ಮೇಲೆ, ಸೋಮವಾರ ಬೆಳಿಗ್ಗೆ ಅಮ್ಮ ಕೆಲಸಕ್ಕೆ ಕುಳಿತ ಸ್ವಲ್ಪ ಹೊತ್ತಿಗೆಲ್ಲ ಫುಲ್ ಸ್ಕ್ಯಾನ್ ಶುರುವಾಗುತ್ತಿತ್ತು. “ಒಂದು ಕಡತ ತೆರೆಯಲು ಇಷ್ಟು ಹೊತ್ತೇ?” ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಭದ್ರತೆಯ ಹೆಸರಿನಲ್ಲಿ ಮನೆಯವರ ಕೆಲಸ ಕೆಡಿಸಿದರೆ ಅವರು ಒಂದು ದಿನ ಸ್ಕ್ಯಾನನ್ನೇ ಆರಿಸಿಬಿಡುತ್ತಾರೆ, ಅದು ಇನ್ನೂ ಕೆಟ್ಟದ್ದು. ಆ ಗುರುತು ತೆಗೆದೆ. ಒಂದು ಭಾನುವಾರ ತಪ್ಪಿದರೆ ಮುಂದಿನ ಭಾನುವಾರ ಇದ್ದೇ ಇದೆ.

ಮನೆಯಲ್ಲಿರುವ ಲ್ಯಾಪ್‌ಟಾಪಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಕೊಂಡಾಗಲೇ ಅದರಲ್ಲಿ ಬೇರೊಂದು ಆ್ಯಂಟಿವೈರಸ್‌ನ ಪ್ರಾಯೋಗಿಕ ಆವೃತ್ತಿ ಇತ್ತು. ಅವಧಿ ಮುಗಿದ ಮೇಲೂ ಅದರ ಅವಶೇಷಗಳು ಉಳಿದಿದ್ದರಿಂದ ಡಿಫೆಂಡರ್ ಪಕ್ಕಕ್ಕೆ ಸರಿದು ನಿಂತಿತ್ತು. ಮೇಲೆ ಹೇಳಿದ ಸ್ಥಿತಿಪಟ್ಟಿಯಲ್ಲಿ ‘ಎಎಂ ರನ್ನಿಂಗ್ ಮೋಡ್’ ಎಂಬ ಸಾಲು ನೋಡಿದರೆ ಇದು ತಿಳಿಯುತ್ತದೆ, ‘ನಾರ್ಮಲ್’ ಎಂದಿರಬೇಕು. ತಯಾರಕರೇ ಕೊಡುವ ತೆಗೆದುಹಾಕುವ ಸಾಧನವನ್ನು ಓಡಿಸಿ ಕಂಪ್ಯೂಟರ್ ಮರುಪ್ರಾರಂಭಿಸಿದ ಮೇಲೆ ಡಿಫೆಂಡರ್ ತನ್ನ ಜಾಗಕ್ಕೆ ಬಂತು. ಎರಡು ಆ್ಯಂಟಿವೈರಸ್ ಒಟ್ಟಿಗೆ ಇದ್ದರೆ ಎರಡುಪಟ್ಟು ಭದ್ರತೆ ಎಂಬ ಆಸೆಯನ್ನು ದಯವಿಟ್ಟು ಬಿಡಿ. ಒಂದೇ ಕಡತವನ್ನು ಇಬ್ಬರೂ ಹಿಡಿದು ಎಳೆಯುತ್ತಾರೆ, ಯಂತ್ರ ನರಳುತ್ತದೆ.

ಇನ್ನು ಅರ್ಧಕ್ಕೇ ನಿಂತ ಸ್ಕ್ಯಾನ್‌ಗಳು. ನಾನು ಕಲಿತದ್ದೆಲ್ಲ ಇಲ್ಲಿಯೇ. 1002 ದಾಖಲಾಗಲು ಸಾಧಾರಣ ಕಾರಣಗಳೂ ಇರುತ್ತವೆ: ಯಾರೋ ರದ್ದು ಮಾಡಿರಬಹುದು, ಮಧ್ಯದಲ್ಲಿ ಕಂಪ್ಯೂಟರ್ ಆರಿಸಿರಬಹುದು. ಅದನ್ನು ಖಚಿತಪಡಿಸಿಕೊಳ್ಳಲು ಒಂದು ಭಾನುವಾರ ಸ್ಕ್ಯಾನ್ ಓಡುವಷ್ಟು ಹೊತ್ತೂ ಪಕ್ಕದಲ್ಲೇ ಕುಳಿತೆ. ಯಾವ ಪ್ರೋಗ್ರಾಮ್ ಏನು ಬಳಸುತ್ತಿದೆ ಎಂದು ತೋರಿಸುವ ರಿಸೋರ್ಸ್ ಮಾನಿಟರ್‌ನ ಡಿಸ್ಕ್ ಪುಟದಲ್ಲಿ ಡಿಫೆಂಡರ್‌ನ ಎಂಜಿನ್ ಆದ ‘ಎಂಎಸ್‌ಎಂಪಿಇಎನ್‌ಜಿ’ಗೆ ಗುರುತು ಹಾಕಿದರೆ ಅದು ಆ ಕ್ಷಣದಲ್ಲಿ ಓದುತ್ತಿರುವ ಕಡತಗಳ ಹೆಸರು ಕಾಣುತ್ತದೆ. ಸ್ಕ್ಯಾನಿನ ಪ್ರಗತಿ ಪಟ್ಟಿಗಿಂತ ಇದು ಎಷ್ಟೋ ಪ್ರಾಮಾಣಿಕ.

ಮೊದಲು ನಿಧಾನವಾದದ್ದು ದೊಡ್ಡ ಜಿಪ್ ಕಡತಗಳ ಬಳಿ, ಆಮೇಲೆ ಒಂದು ವರ್ಚುವಲ್ ಮೆಶೀನಿನ, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ಓಡುವ ಇನ್ನೊಂದು ಕಂಪ್ಯೂಟರಿನ, ಡಿಸ್ಕ್ ಕಡತದ ಬಳಿ. ಅವನ್ನೆಲ್ಲ ಬಿಚ್ಚಿ ನೋಡಬೇಕಾದ್ದರಿಂದ ಸಮಯ ಹಿಡಿಯುವುದು ಸಹಜ. ಓದುವ ವೇಗ ಮಾತ್ರ ಚೆನ್ನಾಗಿಯೇ ಇತ್ತು. ಇಂಥ ಕಡೆ ಹಲವರು ಕೂಡಲೇ ಆ ಫೋಲ್ಡರನ್ನು ಹೊರಗಿಡುವ ಪಟ್ಟಿಗೆ ಸೇರಿಸಿಬಿಡುತ್ತಾರೆ. ನಾನು ಸೇರಿಸಲಿಲ್ಲ. ಹೊರಗಿಟ್ಟ ಫೋಲ್ಡರ್ ನಿಗದಿತ ಸ್ಕ್ಯಾನಿನಿಂದ ಮಾತ್ರವಲ್ಲ, ರಿಯಲ್ ಟೈಮ್ ಕಾವಲಿನಿಂದಲೂ ಹೊರಗುಳಿಯುತ್ತದೆ. ನಿಧಾನ ಎಂಬ ಒಂದೇ ಕಾರಣಕ್ಕೆ ಆ ಬಾಗಿಲು ತೆರೆದಿಡುವುದು ತಪ್ಪು.

ಆಮೇಲೆ ಎರಡನೆಯ ಡಿಸ್ಕಿನ ಹಳೆಯ ಫೋಟೊಗಳ ಫೋಲ್ಡರಿಗೆ ಬಂದಾಗ ನೋಟವೇ ಬದಲಾಯಿತು. ಡಿಸ್ಕ್ ಚಟುವಟಿಕೆ 100 ಪ್ರತಿಶತ, ಓದುತ್ತಿರುವ ದತ್ತಾಂಶ ಹೆಚ್ಚುಕಡಿಮೆ ಶೂನ್ಯ. ಒಂದೇ ಚಿಕ್ಕ ಫೋಟೊದ ಹೆಸರು ಕದಲದೆ ನಿಂತಿತ್ತು. ಒಂದು ಫೋಟೊ ಓದಲು ಯಾವ ಆ್ಯಂಟಿವೈರಸ್‌ಗೂ ಇಷ್ಟು ಹೊತ್ತು ಬೇಡ. ಇವೆಂಟ್ ವ್ಯೂವರ್‌ಗೆ ಮರಳಿ ಈ ಸಲ ‘ಸಿಸ್ಟಮ್’ ಲಾಗ್ ತೆರೆದೆ. ಅಲ್ಲಿ ಡಿಸ್ಕ್ ಮೂಲದಿಂದ ಬಂದ 7 ಮತ್ತು 153 ಸಂಖ್ಯೆಯ ದಾಖಲೆಗಳು ಸಾಲಾಗಿ ನಿಂತಿದ್ದವು. 7 ಎಂದರೆ ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್ ಇದೆ, 153 ಎಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಯಿತು. ಸಮಯವೂ ಸ್ಕ್ಯಾನ್ ನಿಂತ ಸಮಯಕ್ಕೆ ತಾಳೆಯಾಯಿತು. ಕೆಟ್ಟಿದ್ದು ಆ್ಯಂಟಿವೈರಸ್ ಅಲ್ಲವೇ ಅಲ್ಲ, ಹಾರ್ಡ್ ಡಿಸ್ಕ್ ಸಾಯುತ್ತಿತ್ತು. ದಿನಬಳಕೆಯಲ್ಲಿ ಯಾರೂ ಆ ಮೂಲೆಗೆ ಹೋಗದ ಕಾರಣ ಅದು ತಿಳಿಯಲಿಲ್ಲ. ಫುಲ್ ಸ್ಕ್ಯಾನ್ ಪ್ರತಿಯೊಂದು ಕಡತವನ್ನೂ ಓದುವುದರಿಂದ ಅದೊಂದೇ ಅಲ್ಲಿಗೆ ಹೋಗಿ ಎಡವುತ್ತಿತ್ತು.

ಇಲ್ಲಿಂದ ಮುಂದೆ ಮಾಡುವ ಕೆಲಸಗಳ ಕ್ರಮ ಬಹಳ ಮುಖ್ಯ. ಮೊದಲು ಸ್ಕ್ಯಾನ್ ನಿಲ್ಲಿಸಿ ಟಾಸ್ಕನ್ನು ತಾತ್ಕಾಲಿಕವಾಗಿ ಆಫ್ ಮಾಡಿದೆ, ಏಕೆಂದರೆ ಸಾಯುತ್ತಿರುವ ಡಿಸ್ಕಿನಿಂದ ಎಲ್ಲವನ್ನೂ ಮತ್ತೆ ಮತ್ತೆ ಓದಿಸುವುದು ಅದನ್ನು ಬೇಗ ಕೊಲ್ಲುತ್ತದೆ. ಆಮೇಲೆ ಹೊಸ ಡಿಸ್ಕ್ ತಂದು, ಮರಳಿ ಸಿಗದ ಫೋಟೊ ಮತ್ತು ದಾಖಲೆಪತ್ರಗಳನ್ನು ಮೊದಲು, ಉಳಿದದ್ದನ್ನು ನಂತರ ನಕಲು ಮಾಡಿದೆ. ಡಿಸ್ಕ್ ದುರಸ್ತಿಗೆಂದು ಚೆಕ್‌ಡಿಸ್ಕ್ ಓಡಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಕೆಟ್ಟ ಸೆಕ್ಟರ್, ಅಂದರೆ ಡಿಸ್ಕಿನ ಕೆಟ್ಟ ತುಣುಕು, ಹುಡುಕುವ ಅದರ ಬಗೆ ಇಡೀ ಡಿಸ್ಕನ್ನು ಓದುತ್ತದೆ, ಆದ್ದರಿಂದ ಅದು ನಕಲಿನ ನಂತರದ ಕೆಲಸ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ಎಂಬ ಮಾಹಿತಿ ತೋರಿಸುವ ತಂತ್ರಾಂಶದಲ್ಲಿ 5ನೆಯ ಸಾಲು, ಅಂದರೆ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು, ಮತ್ತು 197ನೆಯ ಸಾಲು, ಅಂದರೆ ಅನುಮಾನದಲ್ಲಿರುವ ಸೆಕ್ಟರ್‌ಗಳು, ಎರಡೂ ಏರಿದ್ದವು. ಕೆಲವು ಫೋಟೊಗಳು ಹೋದವು. ಹೆಚ್ಚಿನವು ಉಳಿದವು.

ಹೊಸ ಡಿಸ್ಕ್ ಹಾಕಿದ ಮೇಲೆ ಬಂದ ಮೊದಲ 1001 ನೋಡಿ ಆದ ಸಂತೋಷ ದೊಡ್ಡದು. ಆ ದಾಖಲೆಯಲ್ಲೇ ಸ್ಕ್ಯಾನಿಗೆ ಹಿಡಿದ ಸಮಯವೂ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳುತ್ತೇನೆ. ಕಡತಗಳು ಹೆಚ್ಚದೆಯೂ ಆ ಸಮಯ ಒಮ್ಮೆಗೇ ಏರಿದರೆ ಡಿಸ್ಕಿನ ಕಡೆ ನೋಡಬೇಕು ಎಂಬುದು ಈಗ ನನ್ನ ಪದ್ಧತಿ.

ವೇಗದ ಬಗ್ಗೆ ಒಂದು ಮಾತು. ಡಿಫೆಂಡರ್ ತನ್ನ ವೇಳಾಪಟ್ಟಿಯ ಸ್ಕ್ಯಾನಿಗೆ ಬಳಸುವ ಸಿಪಿಯು ಪಾಲಿಗೆ ಒಂದು ಮಿತಿ ಇದೆ, ಮೂಲದಲ್ಲಿ 50 ಪ್ರತಿಶತ. ಸರಾಸರಿ ಇಷ್ಟಿರಲಿ ಎಂಬ ಸೂಚನೆ ಅದು, ಆಗಾಗ ಮೀರಬಹುದು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಈ ಸಂಖ್ಯೆಯನ್ನು ಇಳಿಸಿ ದೊಡ್ಡ ಪ್ರಯೋಜನ ಕಾಣಲಿಲ್ಲ. ಅಲ್ಲಿ ಎಲ್ಲರೂ ಕಾಯುವುದು ಡಿಸ್ಕಿಗಾಗಿಯೇ ಹೊರತು ಸಿಪಿಯುಗಾಗಿ ಅಲ್ಲ. ಡಿಫೆಂಡರ್‌ನ ಸ್ವಂತ ವೇಳಾಪಟ್ಟಿಯ ಸ್ಕ್ಯಾನಿನ ಮೊದಲು ಹೊಸ ವೈರಸ್ ಪಟ್ಟಿ ಬಂದಿದೆಯೇ ನೋಡು ಎಂಬ ಆಯ್ಕೆಯನ್ನು ಮಾತ್ರ ಆನ್ ಮಾಡಿದೆ. ಹಳೆಯ ಪಟ್ಟಿ ಹಿಡಿದು ಓಡುವುದು ವ್ಯರ್ಥ. ಪಟ್ಟಿ ನವೀಕರಣ ವಿಫಲವಾದರೆ ಅದೇ ಡಿಫೆಂಡರ್ ಲಾಗ್‌ನಲ್ಲಿ 2001 ಎಂದು ದಾಖಲಾಗುತ್ತದೆ.

ಪರೀಕ್ಷೆಗೆಂದು 68 ಅಕ್ಷರಗಳ ಐಕಾರ್ ಕಡತವನ್ನು ಬಳಸಬಹುದು ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಯಾವ ಹಾನಿಯೂ ಮಾಡದ, ಎಲ್ಲ ಆ್ಯಂಟಿವೈರಸ್‌ಗಳೂ ಗುರುತಿಸುವಂತೆ ಒಪ್ಪಿಕೊಂಡಿರುವ ಸಾಲು ಅದು. ಆದರೆ ಉಳಿಸಿದ ತಕ್ಷಣ ರಿಯಲ್ ಟೈಮ್ ರಕ್ಷಣೆಯೇ ಅದನ್ನು ಹಿಡಿಯುತ್ತದೆ. ನಿಗದಿತ ಸ್ಕ್ಯಾನಿನವರೆಗೆ ಅದು ಉಳಿಯುವುದೇ ಇಲ್ಲ. ಉಳಿಯಲೆಂದು ಕಾವಲನ್ನು ಆಫ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. 1000ಕ್ಕೆ ಜೋಡಿಯಾಗಿ 1001 ಬಂದಿರುವುದು ನನಗೆ ಸಾಕಾದ ಪುರಾವೆ.

ಲ್ಯಾಪ್‌ಟಾಪಿನ ಫುಲ್ ಸ್ಕ್ಯಾನಿಗೆ ವೇಳಾಪಟ್ಟಿಯನ್ನೇ ಇಟ್ಟಿಲ್ಲ. ಅದು ಬಹುತೇಕ ಬ್ಯಾಟರಿಯ ಮೇಲೆಯೇ ಓಡುತ್ತದೆ, ಚೀಲದೊಳಗೆ ಮುಚ್ಚಿಟ್ಟಿರುವಾಗ ವೇಕ್ ಟೈಮರ್ ಎಬ್ಬಿಸಿದರೆ ಬಿಸಿಯಾಗಿ ಕೆಡಬಹುದು. ಅದರಲ್ಲಿ ವೇಕ್ ಟೈಮರ್‌ಗಳನ್ನು ಆಫ್ ಮಾಡಿ, ಚಾರ್ಜಿಗೆ ಹಾಕಿದ ಒಂದು ಸಂಜೆ ತಿಂಗಳಿಗೊಮ್ಮೆ ಕೈಯಾರೆ ಫುಲ್ ಸ್ಕ್ಯಾನ್ ಶುರುಮಾಡುತ್ತೇನೆ, ಮರುದಿನ ಲಾಗ್‌ನಲ್ಲಿ 1001 ಇದೆಯೇ ಎಂದು ನೋಡುತ್ತೇನೆ.