ಎಂಟೂವರೆಯ ಮಳೆ ಲೆಕ್ಕ

2019ರ ಆಗಸ್ಟ್‌ನಲ್ಲಿ ಕೊಡಗಿನ ಸಿದ್ದಾಪುರದ ಕಡೆಯ ಒಂದು ಪರಿಹಾರ ಕೇಂದ್ರಕ್ಕೆ ಮೊದಲ ಸಲ ಹೋದಾಗ ನನ್ನ ಚೀಲದಲ್ಲಿ ಕ್ರೇಯಾನ್ ಪೆಟ್ಟಿಗೆಗಳಿದ್ದವು, ಒಂದು ಕಟ್ಟು ಬಿಳಿ ಹಾಳೆ ಇತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳಿಗೆ ನುಗ್ಗಿ ನಾಲ್ಕೈದು ದಿನ ಆಗಿತ್ತಷ್ಟೆ. ಎಂಟರಿಂದ ಹತ್ತನೇ ತರಗತಿವರೆಗಿನ ಹದಿನಾರು ಮಕ್ಕಳನ್ನು ಒಂದು ಮೂಲೆಯಲ್ಲಿ ಕೂರಿಸಿ, ಆ ರಾತ್ರಿ ಕಂಡದ್ದನ್ನು ಚಿತ್ರ ಬಿಡಿಸಿ ಅಂದೆ. ಒಬ್ಬ ಹುಡುಗ ಇಡೀ ಹಾಳೆಗೆ ಕಂದು ಬಣ್ಣ ತಿಕ್ಕಿ ಕೊಟ್ಟ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಹಾಳೆಯನ್ನು ಖಾಲಿಯಾಗಿಯೇ ವಾಪಸ್ ಕೊಟ್ಟಳು.

"ಮಿಸ್, ನಿನ್ನೆ ಬಂದವ್ರೂ ಇದೇ ಬರೆಸಿದ್ರು. ಇದನ್ನೆಲ್ಲ ಎಲ್ಲಿಗೆ ಕಳಿಸ್ತೀರಿ?"

ನನ್ನ ಬಳಿ ಉತ್ತರ ಇರಲಿಲ್ಲ. ಇನ್ನೂ ಕಸಿವಿಸಿಯ ಸಂಗತಿಯೆಂದರೆ, ಹಾಗೆ ಮಾಡಬಾರದು ಅಂತ ನನಗೆ ಗೊತ್ತಿತ್ತು. ಹಿಂದಿನ ವರ್ಷ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜರಿದಾಗ ಮಡಿಕೇರಿಯ ಕೇಂದ್ರಗಳಲ್ಲಿ ಕೆಲಸ ಮಾಡಿದ್ದೆ. ಮಾನಸಿಕ ಪ್ರಥಮ ಚಿಕಿತ್ಸೆ, ಅಂದರೆ ಆಘಾತಕ್ಕೆ ಸಿಕ್ಕವರ ಮನಸ್ಸಿಗೆ ಮೊದಲು ಕೊಡುವ ಆಸರೆ, ಅದರ ಪಾಠ ಮೂರೇ ಮಾತಿನದು: ನೋಡು, ಕೇಳು, ಬೇಕಾದ ನೆರವಿಗೆ ಜೋಡಿಸು. ನಡೆದದ್ದನ್ನು ಕೆದಕಿ ಹೇಳಿಸು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಆದರೆ ಕೈಯಲ್ಲಿ ಕ್ರೇಯಾನ್ ಇದ್ದರೆ ಏನೋ ಮಾಡುತ್ತಿದ್ದೇವೆ ಅನ್ನಿಸುತ್ತದೆ ನೋಡಿ. ಅದು ಮಕ್ಕಳಿಗಲ್ಲ, ನಮಗೆ ಬೇಕಾದ ಸಮಾಧಾನ.

ಮಾರನೇ ದಿನ ಹಾಳೆ ಬಿಟ್ಟು, "ಈಗ ಎಂತ ಬೇಕು?" ಅಂತ ಕೇಳಿದೆ. ಗಣಿತದ ಪುಸ್ತಕ. ಚಾರ್ಜರ್. ಅಳತೆಗೆ ಸರಿಯಾದ ಒಳಉಡುಪು, ಯಾಕೆಂದರೆ ದಾನ ಬಂದ ಬಟ್ಟೆಯ ರಾಶಿಯಲ್ಲಿ ಅದನ್ನು ಹುಡುಕುವುದು ಹದಿನೈದರ ಹುಡುಗಿಗೆ ಸಾಯುವಷ್ಟು ಅವಮಾನ. ಫೋಟೋ ತೆಗೆಯಬಾರದು. ಇನ್ನೊಂದು ಮಾತು ಬರಲು ಎರಡು ದಿನ ಹಿಡಿಯಿತು. ಮೂವರು ಹುಡುಗಿಯರು ಸಂಜೆಯಾದರೆ ತಲೆನೋವು ಅನ್ನುತ್ತಿದ್ದರು. ನಾನು ನನ್ನ ಪುಸ್ತಕದಲ್ಲಿ "ಆತಂಕದ ಲಕ್ಷಣ" ಅಂತ ಬರೆದೂ ಆಗಿತ್ತು. ಆಮೇಲೆ ತಿಳಿಯಿತು, ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಕತ್ತಲಾದ ಮೇಲೆ ಅಲ್ಲಿಗೆ ಹೋಗಲು ಹೆದರಿ ಅವರು ಮಧ್ಯಾಹ್ನದಿಂದಲೇ ನೀರು ಕುಡಿಯುವುದು ಬಿಟ್ಟಿದ್ದರು. ಪೇಟೆಯಿಂದ ಚಿಲಕ, ನಾಲ್ಕು ಸ್ಕ್ರೂ, ಒಂದು ಬಲ್ಬು ತಂದು ಹಾಕಿಸಿದೆವು. ಮೂವರಲ್ಲಿ ಇಬ್ಬರ ತಲೆನೋವು ಹೋಯಿತು. ಹೋಗದ ಒಬ್ಬಳ ಜೊತೆ ನಿಜವಾಗಿ ಕೂತು ಮಾತಾಡಬೇಕಿತ್ತು.

ಆದರೆ ಕೂರುವುದೆಲ್ಲಿ? ಕೇಂದ್ರದಲ್ಲಿ ಗೋಡೆಗಳೇ ಇಲ್ಲ, ಸೀರೆಯ ಪರದೆ. ಗುಟ್ಟಾಗಿ ಇಡುತ್ತೇನೆ ಎಂದು ಮಾತು ಕೊಟ್ಟರೆ ಪಕ್ಕದ ಚಾಪೆಯ ಅಜ್ಜಿ ನಗುತ್ತಾಳೆ. ಹಾಗಾಗಿ ನನ್ನ ಹೆಚ್ಚಿನ ಮಾತುಕತೆ ನಡೆದದ್ದು ತಟ್ಟೆ ತೊಳೆಯುವ ನಲ್ಲಿಯ ಹತ್ತಿರ, ಮತ್ತೆ ಪುಸ್ತಕ ಒಣಗಿಸುವಾಗ. ಆ ಮಳೆಯಲ್ಲಿ ಕಾಫಿ ಕಣದಲ್ಲಿ ಹರವುವ ಮಾತೇ ಇಲ್ಲ. ಹತ್ತಿರದ ತೋಟದವರು ಬಚ್ಚಲು ಒಲೆಯ ಪಕ್ಕ ಜಾಗ ಕೊಟ್ಟರು. ಕೆಸರು ಕುಡಿದ ಪಠ್ಯಪುಸ್ತಕ ಇಟ್ಟಿಗೆಯಂತಾಗಿರುತ್ತದೆ. ಸ್ಕೇಲು ತೂರಿಸಿ ಒಂದೊಂದೇ ಪುಟ ಬಿಡಿಸಬೇಕು, ಅವಸರ ಮಾಡಿದರೆ ಅಕ್ಷರ ಎದುರು ಪುಟಕ್ಕೆ ಅಂಟಿಕೊಂಡು ಬರುತ್ತದೆ. ಕಣ್ಣು ಪುಟದ ಮೇಲೆ, ಕೈಗೆ ಕೆಲಸ, ಎದುರಿಗಿರುವವರ ಮುಖ ನೋಡಬೇಕಾಗಿಲ್ಲ. ಕಂದು ಬಣ್ಣ ತಿಕ್ಕಿದ ಹುಡುಗ ಅಲ್ಲೇ, ಸಮಾಜ ವಿಜ್ಞಾನದ ಪುಟ ಬಿಡಿಸುತ್ತ, ತಾನು ಹಸುವಿನ ಹಗ್ಗ ಬಿಚ್ಚದೆ ಓಡಿಬಂದೆ ಅಂದ. ಅಪ್ಪ ಅದಕ್ಕೆ ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಅಂದ. ನಾನು ಏನೂ ಹೇಳಲಿಲ್ಲ. ಮುಂದಿನ ಪುಟ ಬಿಡಿಸಿದೆವು.

ಶಾಲೆ ಶುರುವಾದ ಮೇಲೆ ಬೇರೆ ತರಹದ ಕಷ್ಟ. ಒಂದು ಶಾಲೆಯಲ್ಲಿ ಪ್ರಾರ್ಥನೆ ಮುಗಿಯುತ್ತಲೇ "ಸಂತ್ರಸ್ತರ ಮಕ್ಕಳು ಮುಂದೆ ಬನ್ನಿ" ಅಂತ ಮೈಕಿನಲ್ಲಿ ಕರೆದು ಬ್ಯಾಗು ಹಂಚಿದರು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಆ ಬ್ಯಾಗುಗಳೆಲ್ಲ ಒಂದೇ ಬಣ್ಣ. ಮರುದಿನದಿಂದ ದೂರದಿಂದಲೇ ಗೊತ್ತಾಗುತ್ತಿತ್ತು, ಯಾರ ಮನೆ ಹೋಗಿದೆ ಅಂತ. ಇಬ್ಬರು ಹುಡುಗರು ಪ್ಲಾಸ್ಟಿಕ್ ಕವರಿನಲ್ಲಿ ಪುಸ್ತಕ ತರಲು ಶುರುಮಾಡಿದರು. ಮುಖ್ಯಶಿಕ್ಷಕರ ಬಳಿ ಹೋಗಿ, ಸರ್, ಇನ್ನು ಮುಂದೆ ಏನು ಬಂದರೂ ಪೋಷಕರನ್ನು ಕರೆದು ಆಫೀಸಿನಲ್ಲೇ ಕೊಟ್ಟುಬಿಡಿ ಅಂದೆ. ಅವರು ಒಪ್ಪಿದರು. ಚಿಕ್ಕ ಮಕ್ಕಳಿಗೆ ನೀರಿನ ಭಯ ದೊಡ್ಡದು. ಹದಿಮೂರು ದಾಟಿದವರಿಗೆ ಹೊಳೆಗಿಂತ 'ಸಂತ್ರಸ್ತರು' ಎಂಬ ಆ ಒಂದು ಪದದ ಭಾರವೇ ಹೆಚ್ಚು ಅನ್ನುವುದು ನಾನು ಕಂಡದ್ದು.

ಮಳೆಯ ಸದ್ದಿನ ವಿಷಯ ಹೇಳಲೇಬೇಕು. ಶೀಟಿನ ಮೇಲೆ ಬಿದ್ದರೆ ಅರ್ಧ ಇಂಚಿನ ಮಳೆಯೂ ಐದು ಇಂಚಿನ ಹಾಗೆ ಕೇಳುತ್ತದೆ. ಹಸುವಿನ ಹುಡುಗ ರಾತ್ರಿಯಿಡೀ ಎದ್ದು ಕೂರುತ್ತಿದ್ದ, ಸಾಲದ್ದಕ್ಕೆ ಡ್ಯಾಮ್ ಒಡೆಯಿತಂತೆ ಎಂಬ ವಾಯ್ಸ್ ಮೆಸೇಜುಗಳು. ಉಸಿರನ್ನು ನಿಧಾನವಾಗಿ ಹೊರಬಿಡುವುದು, ಪಾದ ನೆಲಕ್ಕೊತ್ತಿ ಸುತ್ತ ಕಾಣುವ ಐದು ವಸ್ತು ಹೆಸರಿಸುವುದು, ಎಲ್ಲ ಹೇಳಿಕೊಟ್ಟೆ. ಹಗಲು ಮಾಡುತ್ತಿದ್ದ, ರಾತ್ರಿ ಮರೆಯುತ್ತಿದ್ದ. ಹೆದರಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಹೊಳೆದಂಡೆಯಲ್ಲಿ ಹುಟ್ಟಿದವನ ಭಯ ಭ್ರಮೆಯೇನಲ್ಲ, ಹೊಳೆ ಮತ್ತೆ ಬಂದೀತು.

ಆಗ ಹೊಳೆದದ್ದು ನಮ್ಮೂರ ತೋಟಗಳ ಚಾಳಿ. ಕೊಡಗಿನಲ್ಲಿ ಸಾಹುಕಾರರಿಂದ ತೋಟದ ಲೆಕ್ಕ ಬರೆಯುವ ರೈಟರ್‌ವರೆಗೆ ಎಲ್ಲರೂ ಬೆಳಗ್ಗೆ ಮಳೆ ಅಳೆಯುತ್ತಾರೆ, ಇಷ್ಟು ಇಂಚು ಇಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಎರಡು ಲೀಟರಿನ ಬಾಟಲಿಯ ಕತ್ತು ಕೊಯ್ದು ತಲೆಕೆಳಗಾಗಿ ಅದಕ್ಕೇ ಕೂರಿಸಿದೆವು. ಬುಡದ ಉಬ್ಬುತಗ್ಗಿಗೆ ಬೆಣಚುಕಲ್ಲು, ಅದರ ಮೇಲೆ ಸೊನ್ನೆ ಗೆರೆವರೆಗೆ ನೀರು, ಬದಿಗೆ ಸ್ಕೇಲು. ಮರದ ಹನಿ ಬೀಳದ ಬಯಲಲ್ಲಿ ಇಟ್ಟು ದಿನಾ ಬೆಳಗ್ಗೆ ಎಂಟೂವರೆಗೆ ಓದುವುದು, ಹವಾಮಾನ ಇಲಾಖೆಯ ಲೆಕ್ಕದ ಹೊತ್ತೂ ಅದೇ. ರಾತ್ರಿ ಭೀಕರ ಅನ್ನಿಸಿದ್ದು ಬೆಳಗ್ಗೆ ಇಪ್ಪತ್ತೈದು ಮಿಲಿಮೀಟರ್, ಅಂದರೆ ಒಂದೇ ಇಂಚು. ಎರಡು ವಾರದಲ್ಲಿ ಅವನೇ ಒಂದು ವಿಷಯ ಕಂಡುಕೊಂಡ: ಇಲ್ಲಿನ ಬಾಟಲಿ ತುಂಬಿದ್ದಕ್ಕೆ ಹೊಳೆ ಏರುವುದಿಲ್ಲ, ಹೊಳೆಯ ಮೇಲ್ಭಾಗದ ಭಾಗಮಂಡಲದ ಕಡೆ ಸುರಿದರೆ ಇಲ್ಲಿ ಬಿಸಿಲಿದ್ದರೂ ಏರುತ್ತದೆ. ಅಲ್ಲಿಂದ ಆ ಕಡೆಯ ಮಳೆ ಲೆಕ್ಕ ಪತ್ರಿಕೆಯಲ್ಲಿ ಹುಡುಕತೊಡಗಿದ. ಅಪ್ಪ ಮಗ ಸೇರಿ ದಂಡೆಯ ಒಂದು ಮರಕ್ಕೆ ಬಣ್ಣದ ಗೆರೆ ಹಾಕಿದರು, ನೀರು ಅಲ್ಲಿಗೆ ಮುಟ್ಟಿದರೆ ಹೊರಡುವುದು, ಮೊದಲು ಹಸುವಿನ ಹಗ್ಗ. ಅವನ ನಿದ್ದೆ ಒಮ್ಮೆಗೇ ಬರಲಿಲ್ಲ. ಸುಮಾರು ಅಕ್ಟೋಬರ್ ಹೊತ್ತಿಗೆ ಬಂತು.

ಮಳೆ ಅಳೆಯುವ ಬಾಟಲಿಯೊಂದೇ ಎಲ್ಲರಿಗೂ ಸಾಕಾಗಲಿಲ್ಲ. ಮೊದಲ ವಾರಗಳ ನಿದ್ದೆಗೇಡು, ಬೆಚ್ಚಿಬೀಳುವುದು ರೋಗವಲ್ಲ, ಬಹಳಷ್ಟು ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ದಾಟಿದರೂ ಇಳಿಯದಿದ್ದರೆ, ಶಾಲೆ ಬಿಟ್ಟರೆ, ಅಪ್ಪನ ಹೆಂಡದ ಬಾಟಲಿಗೆ ಮಗನೂ ಕೈಹಾಕಿದರೆ ನಾನು ಕಾಯುವುದಿಲ್ಲ. ತಲೆನೋವು ಹೋಗದ ಆ ಹುಡುಗಿ ತೋಳು ಮುಚ್ಚುವ ಸ್ವೆಟರನ್ನು ಬಿಸಿಲಲ್ಲೂ ತೆಗೆಯುತ್ತಿರಲಿಲ್ಲ. ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಅವಳು ಬಹಳ ಹೊತ್ತು ಸುಮ್ಮನಿದ್ದು ಹೌದು ಅಂದಳು. ಇದನ್ನು ಗುಟ್ಟಾಗಿ ಇಡಲು ನನ್ನಿಂದ ಆಗುವುದಿಲ್ಲ, ಯಾರಿಗೆ ಹೇಳಬೇಕೋ ನಾವಿಬ್ಬರೂ ಸೇರಿ ನಿರ್ಧರಿಸೋಣ ಅಂದೆ. ಅವಳ ಚಿಕ್ಕಮ್ಮನಿಗೆ ಹೇಳಿದೆವು, ಮೂವರೂ ಬಸ್ಸು ಹತ್ತಿ ಮಡಿಕೇರಿಯ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದೆವು. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇರಲಿಲ್ಲ, 2022ರಲ್ಲಿ ಬಂತು. ಈಗ ಅದರ ನಂಬರ್ 14416 ಅನ್ನು ಮಕ್ಕಳ ಪುಸ್ತಕದ ರಟ್ಟಿನ ಒಳಬದಿಗೆ ಬರೆಸುತ್ತೇನೆ, ಜೊತೆಗೆ ಮಕ್ಕಳ ಸಹಾಯವಾಣಿ 1098.

2020ರ ಆಗಸ್ಟ್ ಇನ್ನೊಂದು ಪೆಟ್ಟು. ಕೋವಿಡ್‌ನಿಂದ ಶಾಲೆ ಇಲ್ಲ, ತಲಕಾವೇರಿಯ ಬ್ರಹ್ಮಗಿರಿ ಕುಸಿದ ವಿಡಿಯೋ ಎಲ್ಲರ ಫೋನಿನಲ್ಲಿ. ವರ್ಷದಿಂದ ಸರಿಯಿದ್ದ ಮಕ್ಕಳೂ ಆ ವಾರ ಅನ್ನ ಬಿಟ್ಟರು. ಈಗ ಜುಲೈ ಕೊನೆಗೇ ಮನೆಯವರಿಗೆ ಫೋನ್ ಮಾಡಿ ಹೇಳಿಡುತ್ತೇನೆ: ಆಗಸ್ಟ್‌ನಲ್ಲಿ ಸಿಡುಕಿದರೆ ಬೈಯಬೇಡಿ.

ಮೇ ತಿಂಗಳಲ್ಲಿ ಮತ್ತೊಂದು ಕೆಲಸ. ಹೊಳೆದಂಡೆಯ ಮಕ್ಕಳು ತಮ್ಮ ತಮ್ಮ ಚೀಲ ತಾವೇ ಕಟ್ಟಿಕೊಳ್ಳಬೇಕು. ಆಧಾರ್, ಮಾರ್ಕ್ಸ್ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿ, ಪ್ಯಾಡ್, ಟಾರ್ಚ್, ಒಂದು ಜೊತೆ ಬಟ್ಟೆ. ಇಷ್ಟು ನಾನು ಹೇಳುವುದು, ಇನ್ನೊಂದು ವಸ್ತು ಅವರಿಷ್ಟ. ಚಿತ್ರದ ಹಾಳೆ ವಾಪಸ್ ಕೊಟ್ಟವಳ ತಂಗಿ ಈಗ ಹತ್ತನೇ ತರಗತಿ. ಅವಳ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ವಿಜ್ಞಾನದ ರೆಕಾರ್ಡ್ ಬುಕ್ ಇತ್ತು.

"ಅಕ್ಕ ಎರಡು ಸಲ ಬರೆದ್ಲು ಮಿಸ್. ಹೃದಯದ ಚಿತ್ರ ಇನ್ನೊಂದ್ಸಲ ಬಿಡಿಸೋಕೆ ನನ್ನ ಕೈಲಂತೂ ಆಗಲ್ಲ."