ತರಗತಿಯಲ್ಲಿ ಓದಿನ ಮೂಲೆಯನ್ನು ಕಟ್ಟುವ ಬಗೆ

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ನಲಿಯುತ್ತ ಕಲಿಸುವ ನಲಿ-ಕಲಿ ಪದ್ಧತಿಯು ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕುವ ಚಪ್ಪರವನ್ನೂ ಅವರ ಕೈಗೆಟುಕುವ ಗೋಡೆಹಲಗೆಯನ್ನೂ ತರಗತಿಯೊಳಗೆ ತಂದಿತು. ಓದಿನ ಮೂಲೆಯನ್ನು ಕಟ್ಟಬಯಸುವ ಶಿಕ್ಷಕರು ಅಲ್ಲಿಂದಲೇ ಹೊರಡಬಹುದು.

ಮೊದಲು ಬೀಗ ಹಾಕಿದ ಬೀರುವಿನಿಂದ ಪುಸ್ತಕಗಳನ್ನು ಹೊರತೆಗೆದು, ಬೆಳಕು ಬೀಳುವ ಕಿಟಕಿಯ ಬಳಿ ಮಗುವಿನ ಎದೆಮಟ್ಟಕ್ಕೆ ಹಗ್ಗ ಕಟ್ಟಿ, ಮುಖಪುಟ ಕಾಣುವಂತೆ ತೂಗುಹಾಕಿರಿ. ಪುಟ ಹರಿದೀತೆಂಬ ಅಂಜಿಕೆ ಬೇಡ. ಹರಿದದ್ದನ್ನು ಅಂಟಿಸುವ ಕೆಲಸವನ್ನು ಮಕ್ಕಳಿಗೇ ವಹಿಸಿರಿ.

ದಿನಕ್ಕೆ 15 ನಿಮಿಷ ನೀವೇ ಗಟ್ಟಿಯಾಗಿ ಓದಿ, ಕಥೆಯ ತಿರುವಿನಲ್ಲಿ ನಿಲ್ಲಿಸಿ, ಮುಂದೇನಾಗಬಹುದೆಂದು ಕೇಳಿರಿ. ಈ ಊಹೆಯೇ ಅರ್ಥಗ್ರಹಿಕೆಯ ತಳಹದಿಯೆಂದು ನಾನು ನಂಬಿದ್ದೇನೆ. ಮನೆಯಲ್ಲಿ ತುಳು, ಲಂಬಾಣಿ ಅಥವಾ ಉರ್ದು ಆಡುವ ಮಗು ಮೊದಲು ತನ್ನ ನುಡಿಯಲ್ಲೇ ಉತ್ತರಿಸಲಿ. ಅದನ್ನು ತಪ್ಪೆಂದು ತಡೆದರೆ ಮಗು ಮಾತನ್ನೇ ನಿಲ್ಲಿಸಿಬಿಡುತ್ತದೆ.

ವಾರಕ್ಕೊಮ್ಮೆ ಅದೇ ಕಥೆಯನ್ನು ಮಕ್ಕಳು ಅಭಿನಯಿಸಲಿ. ಯಕ್ಷಗಾನದ ಅರ್ಥಧಾರಿಯು ಪದ್ಯದ ಭಾವವನ್ನು ಹಿಡಿದು ಸ್ಥಳದಲ್ಲೇ ಮಾತು ಹೊಂದಿಸುವಂತೆ, ಸಂಭಾಷಣೆಯನ್ನು ಉರುಹಚ್ಚಿಸದೆ ಅವರೇ ಕಟ್ಟಲು ಬಿಡಿರಿ; ಪಾತ್ರವು ಏಕೆ ಹಾಗೆ ನಡೆದುಕೊಂಡಿತೆಂದು ಯೋಚಿಸದೆ ಆ ಮಾತು ಹೊರಡುವುದಿಲ್ಲ. ವೇಷಕ್ಕೆ ಒಂದು ಶಾಲು ಸಾಕು. ಆಟ ಮುಗಿದ ಮೇಲೆ, ಓದಲು ತಡವರಿಸುವ ಮಗುವಿನ ಕೈಗೆ ಅದೇ ಪುಸ್ತಕವನ್ನು ಕೊಡಿರಿ.